ಕಾಲು ಅಡ್ಡ ಇಟ್ಟರೂ ಎದುರಾಳಿ ಬೀಳುತ್ತಿಲ್ಲ, ಏಕೆ?

ಪ್ರಶ್ನೆ: ಜೂಡೋಗೆ ಸೇರಿ ವರ್ಷವಾಗುತ್ತಾ ಬಂತು, ಹಳದಿ ಬೆಲ್ಟ್ ಇದೆ. ಈಗ ಸಸಾಯೆ ತ್ಸುರಿಕೊಮಿ ಆಶಿ, ಅಂದರೆ ಎದುರಾಳಿಯ ಕಣಕಾಲನ್ನು ಅಂಗಾಲಿನಿಂದ ತಡೆದು ಬೀಳಿಸುವ ಪಟ್ಟು, ಕಲಿಯುತ್ತಿದ್ದೇನೆ. ಜೊತೆಗಾರ ಸುಮ್ಮನೆ ನಿಂತಿದ್ದಾಗ ಪಟ್ಟು ಚೆನ್ನಾಗಿ ಕೂರುತ್ತದೆ. ರಾಂಡೋರಿಯಲ್ಲಿ, ಅಂದರೆ ಇಬ್ಬರೂ ನಿಜವಾಗಿ ಸೆಣಸುವ ಅಭ್ಯಾಸದಲ್ಲಿ ಮಾತ್ರ, ಕಾಲು ಅಡ್ಡ ಇಟ್ಟರೂ ಅವನು ಅಲುಗುವುದಿಲ್ಲ. ಜೋರು ಮಾಡಿದರೆ ಅವನ ಕಾಲಿನ ಎಲುಬಿಗೆ ಬಡಿಯುತ್ತದೆ. ಕೆಲವೊಮ್ಮೆ ನಾನೇ ಬೆನ್ನ ಮೇಲೆ ಬೀಳುತ್ತೇನೆ. ಪಾದವನ್ನು ಸರಿಯಾಗಿ ಎಲ್ಲಿ ಇಡಬೇಕು? ಹಿಜಾ ಗುರುಮಾ ಎಂಬ ಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ? ನಾನು ಕುಳ್ಳ, ತೂಕವೂ ಕಡಿಮೆ. ನನ್ನಂಥವರಿಗೆ ಈ ಪಟ್ಟು ಒಗ್ಗುತ್ತದೆಯೇ? ಎಡಗಡೆಗೂ ಕಲಿಯಬೇಕೆ?

ಉತ್ತರ: ಪಾದದ ಜಾಗವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಬಲಗಡೆ ಹಿಡಿತದವರು, ಅಂದರೆ ಬಲಗೈ ಕಾಲರ್ ಮೇಲೆ, ಎಡಗೈ ಎದುರಾಳಿಯ ಬಲತೋಳಿನ ಬಟ್ಟೆಯ ಮೇಲೆ ಎಂದುಕೊಂಡು ಬರೆಯುತ್ತಿದ್ದೇನೆ. ನಿಮ್ಮ ಎಡ ಅಂಗಾಲು ಅವನ ಬಲ ಕಣಕಾಲಿನ ಮುಂಭಾಗಕ್ಕೆ, ಪಾದವೂ ಕಾಲೂ ಸೇರುವ ಮಡಿಕೆಯ ತುಸು ಮೇಲೆ ಕೂರಬೇಕು. ಅಂಗಾಲು ಒಳಮುಖವಾಗಿ ತಿರುಗಿರಲಿ, ಕಿರುಬೆರಳ ಕಡೆಯ ಅಂಚು ನೆಲದ ಕಡೆಗಿರಲಿ. ಬೆರಳ ತುದಿಯಾಗಲಿ ಹಿಮ್ಮಡಿಯಾಗಲಿ ತಾಗಬಾರದು, ಅಂಗಾಲಿನ ಮೆತ್ತನೆಯ ಭಾಗವೇ ತಾಗಬೇಕು.

ಆದರೆ ಇಷ್ಟನ್ನು ತಪ್ಪಿಲ್ಲದೆ ಮಾಡಿದರೂ ನಿಮ್ಮ ಜೊತೆಗಾರ ಬೀಳುವುದಿಲ್ಲ. ನೀವು ಹೇಳಿದ ಮೂರು ತೊಂದರೆಗಳು, ಅಂದರೆ ಅವನು ಅಲುಗದಿರುವುದು, ಎಲುಬಿಗೆ ಬಡಿಯುವುದು, ನೀವೇ ಹಿಂದಕ್ಕೆ ಬೀಳುವುದು, ಬಹುತೇಕ ಒಂದೇ ಕಡೆಯಿಂದ ಬರುತ್ತವೆ. ನಿಮ್ಮ ಪ್ರಶ್ನೆ ಪೂರ್ತಿ ಎಡಗಾಲಿನ ಬಗ್ಗೆ ಇದೆ. ಗಮನ ಹೋಗಬೇಕಾದದ್ದು ನೀವು ನಿಲ್ಲುವ ಬಲಗಾಲಿನ ಕಡೆಗೆ.

ಈ ಪಟ್ಟಿನಲ್ಲಿ ಮನುಷ್ಯ ಬೀಳುವುದು ಹೇಗೆ ಎಂದು ಒಂದು ಸಲ ನೋಡಿ. ಸರಸರ ನಡೆದು ಬರುವವನ ಕಾಲು ಹೊಸ್ತಿಲಿಗೆ ಎಡವಿದಾಗ ಹೊಸ್ತಿಲೇನೂ ಅವನನ್ನು ಹೊಡೆದಿರುವುದಿಲ್ಲ. ಪಾದ ನಿಂತಿತು, ಮೈ ನಿಲ್ಲಲಿಲ್ಲ. ಮೈಯ ಭಾರ ಪಾದವನ್ನು ದಾಟಿ ಮುಂದೆ ಹೋಯಿತು. ಆ ಭಾರದ ಕೆಳಗೆ ಇನ್ನೊಂದು ಹೆಜ್ಜೆ ಸಮಯಕ್ಕೆ ಸರಿಯಾಗಿ ಬಂದು ಕೂತರೆ ಬಚಾವ್, ಬರದಿದ್ದರೆ ಬಿದ್ದಂತೆಯೇ. ಸಸಾಯೆಯಲ್ಲಿ ನಿಮ್ಮ ಎಡಪಾದದ ಕೆಲಸ ಆ ಹೊಸ್ತಿಲಿನಷ್ಟೇ. ಅದು ಒದೆಯುವುದಿಲ್ಲ, ಗುಡಿಸುವುದಿಲ್ಲ, ಎತ್ತುವುದಿಲ್ಲ. ಅವನ ಪಾದ ಇರುವಲ್ಲೇ ಇರುವಂತೆ ತಡೆಯುತ್ತದೆ. ಮೈಯನ್ನು ಆ ಪಾದದ ಆಚೆಗೆ ಕಳಿಸುವುದು ನಿಮ್ಮ ಎರಡು ಕೈ, ಸೊಂಟ ಮತ್ತು ತಿರುಗುವಿಕೆ. ಇವೆಲ್ಲ ನಿಂತಿರುವುದು ಬಲಪಾದದ ಮೇಲೆ.

ನಿಂತ ಜೊತೆಗಾರನ ಮೇಲೆ ಪಟ್ಟು ಬಂದಂತೆ ಅನಿಸುವುದಕ್ಕೂ ಕಾರಣ ಇಲ್ಲೇ ಇದೆ. ಉಚಿಕೋಮಿಯಲ್ಲಿ, ಅಂದರೆ ಎಸೆಯದೆ ಪಟ್ಟಿನ ಪ್ರವೇಶವನ್ನಷ್ಟೇ ಮತ್ತೆ ಮತ್ತೆ ಮಾಡುವ ಅಭ್ಯಾಸದಲ್ಲಿ, ಜೊತೆಗಾರ ಒಳ್ಳೆಯ ಮನಸ್ಸಿನಿಂದ ಸ್ವಲ್ಪ ಮುಂದಕ್ಕೆ ವಾಲಿಕೊಂಡು ಕಾಯುತ್ತಾನೆ. ತೂಕ ತಪ್ಪಿಸುವ ಕೆಲಸ, ನಾವು ಕುಜುಶಿ ಎನ್ನುವುದು, ಅರ್ಧ ಆಗಲೇ ಮುಗಿದಿರುತ್ತದೆ. ನೀವು ಪಾದ ಇಡುವುದಷ್ಟನ್ನೇ ಅಭ್ಯಾಸ ಮಾಡುತ್ತೀರಿ. ದಿನವೂ ಇದೇ ನಡೆದರೆ ಮೈಗೆ ಕ್ರಮವೇ ತಲೆಕೆಳಗಾಗಿ ರೂಢಿಯಾಗುತ್ತದೆ: ಮೊದಲು ಪಾದ, ಆಮೇಲೆ ಎಳೆತ. ರಾಂಡೋರಿಯಲ್ಲಿ ಅವನು ನೆಟ್ಟಗೆ, ಎರಡೂ ಕಾಲಿನ ಮೇಲೆ ಭಾರ ಹಂಚಿಕೊಂಡು ನಿಂತಿರುವಾಗ ನಿಮ್ಮ ಪಾದ ಹೋಗಿ ಅವನ ಕಾಲಿಗೆ ತಾಗುತ್ತದೆ, ಏನೂ ಆಗುವುದಿಲ್ಲ. ಏನೂ ಆಗಲಿಲ್ಲವೆಂದು ನೀವು ಇನ್ನಷ್ಟು ಜೋರಾಗಿ ಇಡುತ್ತೀರಿ. ಎಲುಬಿಗೆ ಬಡಿಯುವುದು ಆಗ.

ಇನ್ನು ಬಲಪಾದ. ಅದು ಹೋಗಬೇಕಾದ್ದು ಅವನ ಎಡಪಾದದ ಮುಂದೆ, ಸ್ವಲ್ಪ ಹೊರಬದಿಗೆ. ಬೆರಳುಗಳು ಒಳಮುಖವಾಗಿ, ಅಂದರೆ ನಿಮ್ಮ ಎಡಗಡೆಗೆ ತಿರುಗಿರಬೇಕು. ಈ ತಿರುವನ್ನು ಹೊಸಬರು ಸಣ್ಣ ವಿಷಯವೆಂದು ಬಿಟ್ಟುಬಿಡುತ್ತಾರೆ. ಬೆರಳು ಎದುರಾಳಿಯ ಕಡೆಗೇ ನೆಟ್ಟಗಿದ್ದರೆ ನಿಮ್ಮ ಸೊಂಟ ಎಡಕ್ಕೆ ಸ್ವಲ್ಪ ತಿರುಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದನ್ನು ಮೀರಿ ತಿರುಗಿದರೆ ಹಿಂಡಿಕೊಳ್ಳುವುದು ನಿಮ್ಮ ಬಲಮಂಡಿ. ಸೊಂಟ ತಿರುಗದಿದ್ದಾಗ ನಿಮಗೆ ಉಳಿಯುವ ದಾರಿ ನೇರ ಹಿಂದಕ್ಕೆ ಎಳೆಯುವುದು ಒಂದೇ. ನಿಮಗಿಂತ ಭಾರದವನನ್ನು ನೇರ ಹಿಂದಕ್ಕೆ ಎಳೆದರೆ ಅವನು ಬರುವುದಿಲ್ಲ, ಒಂದೇ ಕಾಲಿನಲ್ಲಿ ನಿಂತ ನೀವೇ ಹಿಂದಕ್ಕೆ ಹೋಗುತ್ತೀರಿ. ನೀವು ಬೆನ್ನ ಮೇಲೆ ಬೀಳುವುದಕ್ಕೆ ಇದೇ ಕಾರಣವೆಂದು ನನಗೆ ಬಲವಾಗಿ ಅನಿಸುತ್ತದೆ. ಮುಂದಿನ ಸಲ ಬಿದ್ದಾಗ ಎದ್ದೇಳುವ ಮೊದಲು ಬಲಪಾದದ ಬೆರಳು ಯಾವ ಕಡೆ ನೋಡುತ್ತಿದೆ ಎಂದು ಗಮನಿಸಿ.

ದೂರದ ಲೆಕ್ಕವೂ ಈ ಪಾದದಿಂದಲೇ ಸಿಗುತ್ತದೆ. ತೀರಾ ಹತ್ತಿರ ಇಟ್ಟರೆ ಎಡಗಾಲು ಮಡಿಚಿಕೊಳ್ಳುತ್ತದೆ, ಮಡಿಚಿದ ಕಾಲಿಗೆ ತಡೆಯುವ ಶಕ್ತಿ ಇರುವುದಿಲ್ಲ. ತೀರಾ ದೂರ ಇಟ್ಟರೆ ಬೆರಳ ತುದಿಯಿಂದ ಎಟುಕಿಸಬೇಕಾಗುತ್ತದೆ. ಸೊಂಟವನ್ನು ಮುಂದಕ್ಕೆ ತಂದು ನೆಟ್ಟಗೆ ನಿಂತಾಗ, ಎಡಮಂಡಿ ಹೆಚ್ಚುಕಡಿಮೆ ನೇರವಾಗಿ ಅಂಗಾಲು ಆರಾಮವಾಗಿ ಅವನ ಕಣಕಾಲಿಗೆ ಸಿಗಬೇಕು. ಅದೇ ನಿಮ್ಮ ದೂರ. ಪ್ರತಿಯೊಬ್ಬರ ಕಾಲಿನ ಉದ್ದ ಬೇರೆ, ಹಾಗಾಗಿ ಇಷ್ಟು ಇಂಚು ಎಂದು ಹೇಳಲಾಗದು. ಜೊತೆಗಾರನನ್ನು ನಿಲ್ಲಿಸಿಕೊಂಡು ನೀವೇ ಹುಡುಕಿಕೊಳ್ಳಬೇಕು. ಉಚಿಕೋಮಿ ನಿಜವಾಗಿ ಉಪಯೋಗಕ್ಕೆ ಬರುವುದು ಇದಕ್ಕೆ.

ಸೊಂಟದ ಮಾತು ಬಂತು. ಕಾಲು ಅಡ್ಡ ಇಡಬೇಕೆಂಬ ಯೋಚನೆಯಲ್ಲಿ ಹೆಚ್ಚಿನವರು ಕೆಳಗೆ ನೋಡುತ್ತಾರೆ. ತಲೆ ಬಾಗಿದರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದರೆ ಸೊಂಟ ಹಿಂದಕ್ಕೆ ಹೋಗುತ್ತದೆ. ಆಗ ನಿಮಗೂ ಅವನಿಗೂ ನಡುವೆ ದೊಡ್ಡ ಜಾಗ ಬಿಡುತ್ತದೆ, ಎಳೆತವೆಲ್ಲ ಬರೀ ತೋಳಿನದ್ದಾಗುತ್ತದೆ. ಸಸಾಯೆಯಲ್ಲಿ ಸೊಂಟ ಮುಂದೆ, ಹೊಟ್ಟೆ ಮುಂದೆ, ಎದೆ ಅವನ ಎದೆಗೆ ಹತ್ತಿರ. ತಲೆಯಿಂದ ಎಡ ಹಿಮ್ಮಡಿಯವರೆಗೆ ಮೈ ಒಂದೇ ಗೆರೆಯಲ್ಲಿರಬೇಕು, ನಡುವಿನಲ್ಲಿ ಮಡಿಕೆ ಇರಬಾರದು. ಆ ಗೆರೆ ಸ್ವಲ್ಪ ಹಿಂದಕ್ಕೆ ವಾಲಿದರೆ ಪರವಾಗಿಲ್ಲ. ವಾಲುತ್ತಲೇ ಎಡಕ್ಕೆ ತಿರುಗುತ್ತಿದ್ದರೆ ಸಾಕು. ಪಾದವನ್ನು ಕಣ್ಣಿನಿಂದ ಹುಡುಕಬೇಡಿ. ಅವನ ತೋಳು ನಿಮ್ಮ ಕೈಯಲ್ಲಿದೆ, ಕಾಲು ಎಲ್ಲಿದೆಯೆಂದು ಆ ತೋಳೇ ಹೇಳುತ್ತದೆ. ಸ್ವಲ್ಪ ದಿನ ಅಭ್ಯಾಸ ಮಾಡಿದರೆ ಕಣ್ಣು ಮುಚ್ಚಿಯೂ ಸಿಗುತ್ತದೆ.

ಕೈಗಳ ಕೆಲಸದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಎಡಗೈ, ಹಿಕಿತೆ, ಅವನ ತೋಳನ್ನು ಮೊದಲು ಮೇಲಕ್ಕೆ, ಆಮೇಲೆ ನಿಮ್ಮ ಎಡಕ್ಕೆ ಸುತ್ತಿಸಿಕೊಂಡು ಹೋಗಬೇಕು. ಮಣಿಕಟ್ಟು ತಿರುಗಿ ಕಿರುಬೆರಳು ಮೇಲಾದರೆ ಮೊಣಕೈ ತಾನಾಗಿ ಎತ್ತರಕ್ಕೆ ಬರುತ್ತದೆ. ಬಲಗೈ, ತ್ಸುರಿತೆ, ಕಾಲರನ್ನು ಹಿಡಿದು ಅವನ ಎದೆಯನ್ನು ಮೇಲಕ್ಕೆ ಎತ್ತಿ ಅದೇ ದಿಕ್ಕಿಗೆ ನೂಕುತ್ತದೆ. ಎತ್ತುವುದು ಎಂದರೆ ಅವನನ್ನು ನೆಲದಿಂದ ಎಬ್ಬಿಸುವುದಲ್ಲ. ಹಿಮ್ಮಡಿ ಹಗುರಾಗಿ ಭಾರ ಬೆರಳಿಗೆ ಬರುವಷ್ಟು ಎತ್ತಿದರೆ ಸಾಕು. ಈ ಎರಡು ಕೈಯ ಎತ್ತಿ ಎಳೆಯುವ ಕೆಲಸವೇ ತ್ಸುರಿಕೊಮಿ. ನಾನು ನೋಡಿದಂತೆ ಹೊಸಬರಲ್ಲಿ ಹೆಚ್ಚಿನವರು ಕೆಳಕ್ಕೆ ಎಳೆಯುತ್ತಾರೆ. ಕೆಳಕ್ಕೆ ಎಳೆದರೆ ಅವನ ಭಾರ ಪಾದಗಳ ಮೇಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನೀವೇ ಅವನಿಗೆ ನಿಲ್ಲಲು ಸಹಾಯ ಮಾಡಿದಂತಾಗುತ್ತದೆ.

ದಿಕ್ಕು ಅವನ ಬಲ ಮುಂಮೂಲೆ. ಎರಡು ಕಾಲಿನ ಮೇಲೆ ನಿಂತವನಿಗೆ ಎರಡು ಪಾದಗಳನ್ನು ಸೇರಿಸುವ ಗೆರೆಯ ಉದ್ದಕ್ಕೆ ಬಲ ಇರುತ್ತದೆ, ಆ ಗೆರೆಯ ಮುಂದೆ ಹಿಂದೆ ಆಧಾರ ಕಡಿಮೆ. ಬಲ ಮುಂಮೂಲೆಗೆ ಭಾರ ಹೋದರೆ ಹಿಡಿಯಬಲ್ಲದ್ದು ಬಲಪಾದ ಒಂದೇ, ಅದನ್ನು ನೀವು ತಡೆದಿದ್ದೀರಿ. ಎಡಪಾದವನ್ನು ಸುತ್ತಿಸಿ ತಂದು ಹಿಡಿಯಲು ಅವನು ನೋಡುತ್ತಾನೆ. ಅದಕ್ಕೇ ತಿರುಗುವಿಕೆ ಬೇಕು: ಅವನ ಎಡಪಾದ ಸುತ್ತಿ ಬರುವುದಕ್ಕಿಂತ ಬೇಗ ಅವನ ಎಡಭುಜ ಸುತ್ತಿ ಬಂದಿರಬೇಕು. ತಡೆದ ಕಣಕಾಲಿನ ಮೇಲೆ ಅವನ ಮೈ ಸುತ್ತಿಕೊಂಡು ನಿಮ್ಮ ಎಡ ಹಿಂಬದಿಯಲ್ಲಿ ಬೆನ್ನ ಮೇಲೆ ಬೀಳುತ್ತದೆ. ನಿಮ್ಮ ತಲೆಯೂ ಆ ಕಡೆಗೇ ತಿರುಗಲಿ. ಅವನು ಬೀಳಬೇಕಾದ ಜಾಗವನ್ನು ಎಡಭುಜದ ಮೇಲಿಂದ ನೋಡಿ. ತಲೆ ಹೋದ ಕಡೆಗೆ ಭುಜ ಹೋಗುತ್ತದೆ, ಭುಜ ಹೋದ ಕಡೆಗೆ ಸೊಂಟ.

ಸಮಯ ಯಾವುದು? ಇಲ್ಲಿ ಎರಡು ಗಳಿಗೆಗಳಿವೆ, ಎರಡನ್ನೂ ಬೇರೆಬೇರೆಯಾಗಿ ಕಲಿತರೆ ಗೊಂದಲ ಕಡಿಮೆ. ಮೊದಲನೆಯದು, ಅವನು ಬಲಹೆಜ್ಜೆ ಮುಂದಿಟ್ಟು ಅದರ ಮೇಲೆ ಭಾರ ಹಾಕಿದ ಕೂಡಲೆ. ಭಾರ ಕೂತ ಕಾಲನ್ನು ಅವನು ಎತ್ತಲಾರ, ಮೈಯಿನ್ನೂ ಮುಂದಕ್ಕೇ ಹರಿಯುತ್ತಿರುತ್ತದೆ. ನಾಗೆ ನೋ ಕಾತಾದಲ್ಲಿ, ಅಂದರೆ ಎಸೆತಗಳನ್ನು ಗೊತ್ತಾದ ಕ್ರಮದಲ್ಲಿ ಮಾಡಿ ತೋರಿಸುವ ಪಾಠದಲ್ಲಿ, ತೋರಿಸುವುದು ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಈ ಪಟ್ಟು ಕಾಲಿನ ಪಟ್ಟುಗಳ ಗುಂಪಿನಲ್ಲಿ ಒಕುರಿ ಆಶಿ ಹರಾಯಿ ಆದ ಮೇಲೆ, ಉಚಿ ಮಾತಾಗಿಂತ ಮೊದಲು ಬರುತ್ತದೆ. ಎಸೆಯುವವನು ಹಿಂದೆ ಸರಿಯುತ್ತಾ, ಮೂರನೆಯ ಹೆಜ್ಜೆಯಲ್ಲಿ ಬಲಪಾದವನ್ನು ಬಳಸಿಕೊಂಡು ಬಲ ಹಿಂಬದಿಗೆ ಒಯ್ದು ಬೆರಳು ಒಳಕ್ಕೆ ತಿರುಗಿಸಿ ನಿಲ್ಲುತ್ತಾನೆ. ನೋಡಿ, ಅಲ್ಲೂ ಪಟ್ಟನ್ನು ತೆರೆಯುವುದು ಬಲಪಾದವೇ. ಕಾತಾವನ್ನು ಬೆಲ್ಟ್ ಪರೀಕ್ಷೆಯ ಹಿಂದಿನ ವಾರ ಮಾತ್ರ ತಿರುವಿ ಹಾಕುವವರಿಗೆ ಈ ಪಾಠ ತಪ್ಪಿಹೋಗುತ್ತದೆ, ನನಗೆ ಅದು ಬಹಳ ಬೇಸರದ ಸಂಗತಿ.

ಎರಡನೆಯ ಗಳಿಗೆ, ಅವನು ಬಲಹೆಜ್ಜೆಯನ್ನು ಇನ್ನೇನು ಮುಂದಿಡಬೇಕು ಎನ್ನುವಾಗ. ಮೈ ಆಗಲೇ ಹೊರಟಿದೆ, ಪಾದ ಹೊರಡುವ ಮೊದಲೇ ನಿಮ್ಮ ಅಂಗಾಲು ಅಲ್ಲಿದೆ. ಬರಬೇಕಾದ ಹೆಜ್ಜೆ ಬರುವುದಿಲ್ಲ. ರಾಂಡೋರಿಯಲ್ಲಿ ಸಿಗುವುದು ಹೆಚ್ಚಾಗಿ ಇದೇ, ಏಕೆಂದರೆ ಈ ಹೆಜ್ಜೆಯನ್ನು ನೀವೇ ಇಡಿಸಬಹುದು. ನಿಮ್ಮ ಕೈ ಅವನ ಬಲಭುಜವನ್ನು ಮುಂದಕ್ಕೆ ಕರೆದರೆ ಕಾಲು ಹಿಂಬಾಲಿಸಿಯೇ ತೀರಬೇಕು.

ನಿಮ್ಮ ಹಿಜಾ ಗುರುಮಾ ಗೊಂದಲಕ್ಕೆ ಉತ್ತರ ಚಿಕ್ಕದು. ಅಲ್ಲಿ ಅಂಗಾಲು ಮಂಡಿಗೆ ತಾಗುತ್ತದೆ, ಇಲ್ಲಿ ಕಣಕಾಲಿಗೆ. ಅಲ್ಲಿ ಸ್ವಲ್ಪ ದೂರ ನಿಂತು ಅವನನ್ನು ದೊಡ್ಡ ಸುತ್ತಿನಲ್ಲಿ ತಿರುಗಿಸುತ್ತೀರಿ, ಇಲ್ಲಿ ಹತ್ತಿರ ನಿಂತು ಮೇಲಕ್ಕೆತ್ತಿ ತಿರುಗಿಸುತ್ತೀರಿ. ರಾಂಡೋರಿಯ ಬಿರುಸಿನಲ್ಲಿ ಒಂದನ್ನು ಮಾಡಲು ಹೋಗಿ ಇನ್ನೊಂದಾದರೆ ತಲೆ ಕೆಡಿಸಿಕೊಳ್ಳಬೇಡಿ. ಇದಕ್ಕಿಂತ ಉಪಯೋಗಕ್ಕೆ ಬರುವ ವ್ಯತ್ಯಾಸ ಬೇರೆ ಇದೆ, ಅದನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ಅವನ ಪಾದ ಮುಂದೆ ಬಂದು ಇನ್ನೇನು ನೆಲ ಮುಟ್ಟಬೇಕು, ಭಾರ ಪೂರ್ತಿ ಬಿದ್ದಿಲ್ಲ: ಆಗ ಗುಡಿಸಿದರೆ ಅದು ದೆ ಆಶಿ ಹರಾಯಿ. ಭಾರ ಬಿದ್ದಿದೆ, ಅಥವಾ ಪಾದ ಹೊರಡಲು ಸಿದ್ಧವಾಗಿದೆ: ಆಗ ತಡೆದರೆ ಸಸಾಯೆ. ಅವನು ಆ ಪಾದವನ್ನು ಹಿಂದಕ್ಕೆ ಒಯ್ಯುತ್ತಿದ್ದಾನೆ: ಆಗ ಅದನ್ನು ಹಿಂಬಾಲಿಸಿ ಮುಂಭಾಗದಿಂದ ಗುಡಿಸಿದರೆ ಹರಾಯಿ ತ್ಸುರಿಕೊಮಿ ಆಶಿ. ಒಂದೇ ಪಾದ, ಒಂದೇ ಹೆಜ್ಜೆಯ ಬೇರೆಬೇರೆ ಕ್ಷಣ. ಹಗುರಾದ ಪಾದವನ್ನು ತಡೆಯಲು ಹೋದರೆ ಅವನು ಅದನ್ನು ಎತ್ತಿ ಆಚೆ ಇಡುತ್ತಾನೆ. ಭಾರ ಬಿದ್ದ ಪಾದವನ್ನು ಗುಡಿಸಲು ಹೋದರೆ ನಿಮ್ಮ ಪಾದಕ್ಕೇ ನೋವು.

ಜೂಡೋವನ್ನು ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಆರಂಭಿಸಿದ ಕೊಡೊಕಾನ್ ಶಾಲೆ, ಎಸೆತಗಳನ್ನು ಕಲಿಸುವ ಕ್ರಮವನ್ನು ಗೋಕ್ಯೋ ಎಂಬ ಹೆಸರಿನಲ್ಲಿ 1895ರಲ್ಲಿ ರೂಪಿಸಿ 1920ರಲ್ಲಿ ಪರಿಷ್ಕರಿಸಿತು. ಎಂಟೆಂಟರ ಐದು ಗುಂಪು, ಒಟ್ಟು 40 ಎಸೆತ. ದೆ ಆಶಿ ಹರಾಯಿ, ಹಿಜಾ ಗುರುಮಾ, ಸಸಾಯೆ ಮೂರೂ ಮೊದಲ ಗುಂಪಿನ ಆರಂಭದಲ್ಲೇ ಇವೆ, ಹರಾಯಿ ತ್ಸುರಿಕೊಮಿ ಆಶಿ ಮೂರನೆಯ ಗುಂಪಿನಲ್ಲಿದೆ. ಮೊದಲ ಗುಂಪಿನಲ್ಲಿದೆ ಎಂದ ಮಾತ್ರಕ್ಕೆ ಬೇಗ ಕೈಗೂಡುತ್ತದೆ ಎಂದುಕೊಳ್ಳಬೇಡಿ. ಹೆಜ್ಜೆಯನ್ನು ಓದಲು ಕಲಿಸುವ ಪಟ್ಟುಗಳಿವು, ಓದುವುದು ಬರಲು ಸಮಯ ಹಿಡಿಯುತ್ತದೆ. ಒಂದು ವರ್ಷದಲ್ಲಿ ರಾಂಡೋರಿಯಲ್ಲಿ ಬರಲಿಲ್ಲವೆಂದು ನೀವು ಕುಗ್ಗಬೇಕಾಗಿಲ್ಲ.

ಅಭ್ಯಾಸವನ್ನು ಹೀಗೆ ಬದಲಾಯಿಸಿ ನೋಡಿ. ಮೊದಲ ಕೆಲವು ತರಗತಿ ಎಡಪಾದವನ್ನು ಬಳಸಲೇಬೇಡಿ. ಜೊತೆಗಾರನನ್ನು ಹಿಡಿದು, ಬಲಪಾದವನ್ನು ಬೆರಳು ಒಳಕ್ಕೆ ತಿರುಗಿಸಿ ಇಟ್ಟು, ಎರಡು ಕೈಯಿಂದ ಎತ್ತಿ ಎಡಕ್ಕೆ ತಿರುಗಿ. ಅವನಿಗೆ ಹೇಳಿಡಿ: ಬೇಕೆಂದೇ ಹೆಜ್ಜೆ ಇಡಬೇಡ, ಬೀಳುತ್ತೇನೆ ಅನಿಸಿದರೆ ಮಾತ್ರ ಬಲಗಾಲು ಮುಂದಿಡು. ಅವನು ಬಲಗಾಲನ್ನು ದೊಡ್ಡದಾಗಿ, ಅವಸರದಿಂದ ಮುಂದಿಡಬೇಕಾಗಿ ಬಂದರೆ ನಿಮ್ಮ ಕುಜುಶಿ ಇದೆ. ಹೆಜ್ಜೆ ಇಡದೆ ನಿಂತೇ ಇದ್ದರೆ ಇಲ್ಲ. ಆ ಹೆಜ್ಜೆ ಬರದಿರುವಾಗ ಪಾದ ಅಡ್ಡ ಇಟ್ಟು ಏನು ಪ್ರಯೋಜನ? ತಡೆಯುವುದಕ್ಕೆ ಅಲ್ಲಿ ಏನೂ ಇಲ್ಲ. ಈ ಅಭ್ಯಾಸ ನೋಡಲು ಬೇಸರದ್ದು, ಯಾರೂ ಬೀಳುವುದಿಲ್ಲ, ಆದರೂ ಇದರಷ್ಟು ಈ ಪಟ್ಟನ್ನು ಬೇಗ ಸರಿಪಡಿಸುವುದು ನನಗೆ ಬೇರೆ ಗೊತ್ತಿಲ್ಲ. ಪ್ರತಿ ಸಲವೂ ಆ ಅವಸರದ ಹೆಜ್ಜೆ ಬರತೊಡಗಿದ ಮೇಲೆ ಎಡ ಅಂಗಾಲನ್ನು ಸೇರಿಸಿ. ಜೋರು ಬೇಡ, ಹೆಜ್ಜೆ ಬರುವ ದಾರಿಯಲ್ಲಿ ಸುಮ್ಮನೆ ಇಟ್ಟರೆ ಸಾಕು. ಜೊತೆಗಾರ ಇಷ್ಟು ಹಗುರವಾಗಿ ಬಿದ್ದನಲ್ಲ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಅದಾದ ಮೇಲೆ ನಡೆಯುತ್ತಾ ಮಾಡಿ. ನೀವು ಹಿಂದಕ್ಕೆ, ಅವನು ಮುಂದಕ್ಕೆ. ಒಂದು, ಎರಡು, ಮೂರನೆಯದಕ್ಕೆ ಎಸೆತ. ಮೂರನೆಯ ಹೆಜ್ಜೆಯಲ್ಲಿ ನಿಮ್ಮ ಬಲಪಾದ ಸ್ವಲ್ಪ ದೊಡ್ಡದಾಗಿ, ಬಳಸಿಕೊಂಡು ಹೋಗಲಿ. ಅವನ ಹೆಜ್ಜೆಗೂ ನಿಮ್ಮ ಹೆಜ್ಜೆಗೂ ಲಯ ಕೂಡಿದ ಮೇಲೆ ಎಷ್ಟನೆಯ ಹೆಜ್ಜೆಯೆಂದು ಹೇಳದೆ ಎಸೆಯಿರಿ. ಆಮೇಲೆ ವೃತ್ತದಲ್ಲಿ ಸುತ್ತುತ್ತಾ. ಎಸೆದು ಬೀಳಿಸುವ ಅಭ್ಯಾಸಕ್ಕೆ, ಅಂದರೆ ನಾಗೆಕೋಮಿಗೆ, ದಪ್ಪ ಮ್ಯಾಟ್ ಸಿಕ್ಕರೆ ಬಳಸಿ. ಜೊತೆಗಾರ ಹೆದರಿಕೆಯಿಲ್ಲದೆ ಬಿದ್ದರೆ ನಿಮಗೂ ಪೂರ್ತಿ ತಿರುಗುವ ಧೈರ್ಯ ಬರುತ್ತದೆ. ಹೆದರಿದ ಜೊತೆಗಾರ ಸೊಂಟ ಹಿಂದಕ್ಕೆ ಇಟ್ಟುಕೊಂಡೇ ನಿಲ್ಲುತ್ತಾನೆ, ಅವನ ಮೇಲೆ ಏನನ್ನೂ ಕಲಿಯಲಾಗುವುದಿಲ್ಲ.

ರಾಂಡೋರಿಯಲ್ಲಿ ಇದನ್ನು ಒಂಟಿಯಾಗಿ ಹಾಕಿ ಕಾಯಬೇಡಿ. ಸಸಾಯೆಗೆ ಒಸೊತೊ ಗಾರಿ ಒಳ್ಳೆಯ ಜೋಡಿ. ಸಸಾಯೆ ಹಾಕಿದಿರಿ, ಅವನು ಬೀಳದಿರಲು ಭಾರವನ್ನು ಹಿಂದಕ್ಕೆ ಎಳೆದುಕೊಂಡ. ಹಿಂದಕ್ಕೆ ಹೋದ ಭಾರಕ್ಕೆ ಒಸೊತೊ ಕಾದಿದೆ. ಎಡಪಾದವನ್ನು ಅವನ ಬಲಗಾಲಿನ ಪಕ್ಕಕ್ಕೆ ಇಳಿಸಿ ಬಲಗಾಲಿನಿಂದ ಅದೇ ಬಲಗಾಲನ್ನು ಹಿಂದಿನಿಂದ ಕೊಯ್ಯಿರಿ. ತಿರುಗಿಸಿ ಮಾಡಿದರೂ ಬರುತ್ತದೆ: ಒಸೊತೊಗೆ ಹೆದರಿ ಅವನು ಮುಂದಕ್ಕೆ ಒತ್ತಿದ ಕ್ಷಣದಲ್ಲಿ ಸಸಾಯೆ. ಮೂಲ ಒಂದೇ, ಅವನು ಮುಂದಕ್ಕೆ ಒತ್ತುತ್ತಿರಬೇಕು ಅಥವಾ ಮುಂದಕ್ಕೆ ಹೆಜ್ಜೆ ಇಡಲೇಬೇಕಾಗಿ ಬರಬೇಕು. ತೋಳು ಚಾಚಿ, ಸೊಂಟ ಹಿಂದಕ್ಕೆ ಹಾಕಿ, ಗಟ್ಟಿಯಾಗಿ ನಿಂತವನ ಮೇಲೆ ಸಸಾಯೆ ಹಾಕುವುದು ಶಕ್ತಿಯ ದಂಡ. ಅವನನ್ನು ಮೊದಲು ಹಿಂದಕ್ಕೆ ನೂಕಿ. ನೂಕಿದವನಿಗೆ ತಿರುಗಿ ನೂಕದ ಮನುಷ್ಯ ಅಪರೂಪ, ಆ ತಿರುಗಿ ನೂಕುವಿಕೆಯೇ ನಿಮಗೆ ಬೇಕಾದ್ದು.

ಇದು ಕಲಿಕೆಯ ಹಂತದ ಪಟ್ಟು, ದೊಡ್ಡವರ ಆಟದಲ್ಲಿ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಟೋಕಿಯೋ ಒಲಿಂಪಿಕ್ಸ್‌ನ 73 ಕೆ.ಜಿ. ಫೈನಲ್ ನೆನಪಿಸಿ. 2021ರ ಜುಲೈ 26ರಂದು ನಿಪ್ಪಾನ್ ಬುಡೋಕಾನ್‌ನಲ್ಲಿ ಜಪಾನಿನ ಶೋಹೆಯ್ ಓನೊ ಮತ್ತು ಜಾರ್ಜಿಯಾದ ಲಾಶಾ ಶಾವ್‌ದತುವಾಶ್ವಿಲಿ ನಡುವಿನ ಪಂದ್ಯ ನಾಲ್ಕು ನಿಮಿಷ ಮುಗಿದು ಗೋಲ್ಡನ್ ಸ್ಕೋರ್‌ಗೆ, ಅಂದರೆ ಹೆಚ್ಚುವರಿ ಸಮಯಕ್ಕೆ, ಹೋಯಿತು. ಓನೊ ಎಂದರೆ ಎಲ್ಲರಿಗೂ ನೆನಪಾಗುವುದು ಉಚಿ ಮಾತಾ, ಒಸೊತೊ ಗಾರಿ. ಕೊನೆಗೆ ವಜಾ ಆರಿ ಎಂಬ ಅಂಕ ತಂದು ಚಿನ್ನ ಕೊಟ್ಟದ್ದು ಸಸಾಯೆ ತ್ಸುರಿಕೊಮಿ ಆಶಿ. ಉಳಿದ ಪಟ್ಟುಗಳ ಭಯ ಎದುರಾಳಿಯ ಮೈಯಲ್ಲಿ ಇರುವಾಗ ಈ ಸಣ್ಣ ತಡೆ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಕಿದ ಪಟ್ಟು ಫಲಿಸದಿದ್ದರೆ ಎಡಪಾದವನ್ನು ತಕ್ಷಣ ನೆಲಕ್ಕೆ ಇಳಿಸಿ. ಒಂಟಿಕಾಲಿನಲ್ಲಿ ಹಿಂದಕ್ಕೆ ವಾಲಿ ಎಳೆಯುತ್ತಾ ನಿಂತಿರುವುದು ಅವನಿಗೆ ನೀವೇ ಕೊಡುವ ಅವಕಾಶ. ಅವನು ಪಾದವನ್ನು ನಿಮ್ಮ ಅಂಗಾಲಿನ ಮೇಲಿಂದ ದಾಟಿಸಿ, ನಿಮ್ಮ ನಿಂತ ಕಾಲನ್ನು ಕೊಕ್ಕೆ ಹಾಕಿ ಮುಂದಕ್ಕೆ ಬಂದರೆ ಬೆನ್ನ ಮೇಲೆ ಬೀಳುವವರು ನೀವು, ಅಂಕ ಅವನಿಗೆ. ಎಸೆತಕ್ಕೆ ಒಂದು ಉಸಿರಿನಷ್ಟು ಸಮಯ. ಅಷ್ಟರಲ್ಲಿ ಅವನ ಹಿಮ್ಮಡಿ ಹಗುರಾಗಲಿಲ್ಲವೆಂದರೆ ಬಿಟ್ಟು ಮುಂದಿನದಕ್ಕೆ ಹೋಗಿ.

ಈಗ ನೋವಿನ ವಿಷಯ. ಜೊತೆಗಾರನ ಎಲುಬಿಗೆ ಬಡಿಯುತ್ತಿದೆ ಎಂದಿರಿ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೋವಾದವನು ಮುಂದಿನ ಸಲ ನಿಮ್ಮ ಜೊತೆ ಹೆಜ್ಜೆ ಹಾಕಲು ಹಿಂಜರಿಯುತ್ತಾನೆ, ಆಗ ನಿಮ್ಮಿಬ್ಬರ ಕಲಿಕೆಯೂ ನಿಲ್ಲುತ್ತದೆ. ಅಂಗಾಲನ್ನು ಗಾಳಿಯಲ್ಲಿ ದೂರದಿಂದ ಬೀಸಿ ತರುವ ಬದಲು ನೆಲಕ್ಕೆ ಸವರಿದಂತೆ ಕೆಳಗಿನಿಂದ ತನ್ನಿ. ತಾಗುವಾಗ ವೇಗ ಇರಬಾರದು, ತಾಗಿದ ಮೇಲೆ ಕಾಲು ಗಟ್ಟಿಯಾಗಬೇಕು. ಮಂಡಿಯ ಬದಿಗೆ ಎಂದೂ ಪಾದ ಇಡಬೇಡಿ. ಭಾರ ಬಿದ್ದ ಮಂಡಿಗೆ ಪಕ್ಕದಿಂದ ಒತ್ತಡ ಬಿದ್ದರೆ ಒಳಗಿನ ಕಟ್ಟುಗಳು ಹರಿಯಬಹುದು. ಕಾಲುಗುರು ಚಿಕ್ಕದಾಗಿ ಕತ್ತರಿಸಿರಲಿ.

ಎಸೆದ ಮೇಲೂ ಅವನ ಬಲತೋಳನ್ನು ಬಿಡಬೇಡಿ. ಬೀಳುವ ಕೊನೆಯಲ್ಲಿ ಆ ತೋಳನ್ನು ಮೇಲಕ್ಕೆ ಎಳೆದು ಹಿಡಿದರೆ ತಲೆ ನೆಲಕ್ಕೆ ಬಡಿಯುವ ಅಪಾಯ ಕಡಿಮೆಯಾಗುತ್ತದೆ, ಅವನಿಗೆ ಎಡಗೈಯಿಂದ ಮ್ಯಾಟ್ ತಟ್ಟಿ ಉಕೆಮಿ, ಅಂದರೆ ಪೆಟ್ಟಾಗದಂತೆ ಬೀಳುವುದು, ಮಾಡಲು ಸಮಯ ಸಿಗುತ್ತದೆ. ಬೀಳುವವನಾಗಿ ನಿಮ್ಮ ಸರದಿ ಬಂದಾಗ ಗದ್ದ ಎದೆಗೆ ತಂದುಕೊಳ್ಳಿ, ಖಾಲಿ ಕೈಯನ್ನು ನೆಲಕ್ಕೆ ಊರಿ ತಡೆಯಲು ಎಂದೂ ಹೋಗಬೇಡಿ. ಸಸಾಯೆಯಲ್ಲಿ ಮೈ ಮುಂದಕ್ಕೆ ಹೋಗುವುದರಿಂದ ಕೈ ಊರುವ ಆಸೆ ಸಹಜವಾಗಿ ಹುಟ್ಟುತ್ತದೆ. ಇಡೀ ಮೈಯ ಭಾರ ನೆಟ್ಟಗಿನ ಒಂದು ತೋಳಿನ ಮೇಲೆ ಬಿದ್ದರೆ ಮಣಿಕಟ್ಟು, ಮೊಣಕೈ, ಭುಜ ಮೂರಕ್ಕೂ ಅಪಾಯ. ಅಭ್ಯಾಸದಲ್ಲಿ ಎಸೆಯುವವರು ನಿಂತೇ ಇರುವುದು ಒಳ್ಳೆಯದು, ಜೊತೆಗಾರನ ಮೇಲೆ ಬೀಳುವ ರೂಢಿ ಬೆಳೆಸಿಕೊಳ್ಳಬೇಡಿ. ಮಂಡಿ ಅಥವಾ ಕಣಕಾಲು ಊದಿಕೊಂಡರೆ, ಭಾರ ಹಾಕಲು ಆಗದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೆಲ್ಟ್ ಕಟ್ಟಿಕೊಂಡು ನೋವು ನುಂಗುವುದರಲ್ಲಿ ಯಾವ ಶೌರ್ಯವೂ ಇಲ್ಲ.

ಕುಳ್ಳ, ತೂಕ ಕಡಿಮೆ ಎಂದು ಬರೆದಿದ್ದೀರಿ. ಸಸಾಯೆಯಲ್ಲಿ ನೀವು ಯಾರ ಭಾರವನ್ನೂ ಬೆನ್ನ ಮೇಲೆ ಹೊರಬೇಕಾಗಿಲ್ಲ, ಅವನ ಭಾರ ಅವನ ಕಾಲಿನ ಮೇಲೆಯೇ ಉರುಳುತ್ತದೆ. ಹಾಗಾಗಿ ಹಗುರದವರಿಗೆ ಇದು ದೂರದ ಪಟ್ಟೇನಲ್ಲ. ತೊಂದರೆ ಇರುವುದು ಕೈಗಳಲ್ಲಿ. ಎತ್ತರದವನ ಕಾಲರನ್ನು ಕುತ್ತಿಗೆಯ ಹತ್ತಿರ ಹಿಡಿಯಲು ಹೋದರೆ ನೀವು ಜೋತು ಬೀಳುತ್ತೀರಿ, ಎಳೆತ ಕೆಳಕ್ಕೆ ಹೋಗುತ್ತದೆ. ಕಾಲರ್ ಹಿಡಿತವನ್ನು ಎದೆಯ ಮಟ್ಟಕ್ಕೆ ಇಳಿಸಿ, ಮೊಣಕೈಯನ್ನು ಮೈಗೆ ಹತ್ತಿರ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಒತ್ತಿ. ನಿಮ್ಮ ಭುಜ ಅವನ ಭುಜಕ್ಕಿಂತ ಕೆಳಗಿರುವುದು ಆಗ ಅನುಕೂಲವೇ ಆಗುತ್ತದೆ. ಅವನ ದೊಡ್ಡ ಹೆಜ್ಜೆಗಳೂ ನಿಮಗೆ ಒಳ್ಳೆಯದೇ, ದೊಡ್ಡ ಹೆಜ್ಜೆ ಬದಲಾಯಿಸಲು ಹೆಚ್ಚು ಸಮಯ ಬೇಕು. ತಿರುಗುವಿಕೆಯಲ್ಲಿ ಮಾತ್ರ ಜಿಪುಣತನ ಬೇಡ. ಭಾರ ಕಡಿಮೆ ಇರುವವರು ನೇರ ಎಳೆತದಿಂದ ಯಾರನ್ನೂ ಬೀಳಿಸಲಾರರು.

ಎಡಗಡೆಗೂ ಖಂಡಿತ ಕಲಿಯಿರಿ. ಕಾತಾದಲ್ಲಿ ಎರಡೂ ಕಡೆಗೆ ಮಾಡಲೇಬೇಕು, ಅದಿರಲಿ. ರಾಂಡೋರಿಯಲ್ಲೂ ಹಿಡಿತ ಬದಲಾಯಿಸದೆ ಎದುರಾಳಿಯ ಇನ್ನೊಂದು ಕಾಲನ್ನು ತಡೆಯಬಲ್ಲವರು ಕಡಿಮೆ ಇರುತ್ತಾರೆ, ಬಲ್ಲವರ ಮುಂದೆ ಅವನಿಗೆ ಯಾವ ಹೆಜ್ಜೆಯೂ ನಿಶ್ಚಿಂತೆಯದ್ದಲ್ಲ. ಆದರೆ ಈಗಲೇ ಬೇಡ. ಬಲಗಡೆಯಲ್ಲಿ, ಪಾದ ಬಳಸದೆಯೇ ಅವನು ಅವಸರದ ಹೆಜ್ಜೆ ಇಡುವಂತೆ ಮಾಡುವುದು ಮೊದಲು ಕೈಗೂಡಲಿ. ಅದಾದ ವಾರದಿಂದಲೇ ಎಡಗಡೆಗೆ ಅದೇ ಅಭ್ಯಾಸವನ್ನು ಅದೇ ಕ್ರಮದಲ್ಲಿ ಶುರು ಮಾಡಿ, ಅಲ್ಲೂ ಪಾದವನ್ನು ಕೊನೆಗೇ ಸೇರಿಸಿ. ಅಷ್ಟರವರೆಗೆ ಒಂದು ಕೆಲಸ: ಮುಂದಿನ ತರಗತಿಯಲ್ಲಿ ಯಾರಿಗಾದರೂ ಹೇಳಿ ಪಕ್ಕದಿಂದ ನಿಮ್ಮ ಸಸಾಯೆಯ ವಿಡಿಯೊ ತೆಗೆಸಿ, ಪಾದ ತಾಗುವ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಬಲಪಾದದ ಬೆರಳು, ಸೊಂಟದ ಮಡಿಕೆ, ನಿಮ್ಮ ಕಣ್ಣು ನೋಡುತ್ತಿರುವ ಕಡೆ, ಜೊತೆಗಾರನ ಹಿಮ್ಮಡಿ, ಈ ನಾಲ್ಕನ್ನು ನಿಮ್ಮ ಕೋಚ್ ಜೊತೆ ಕೂತು ಪರಿಶೀಲಿಸಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗದೆ ಬಲಪಾದದ ಬೆರಳಿನಿಂದಲೇ ತಿದ್ದುತ್ತಾ ಬನ್ನಿ.